ಘರ್ಷಣೆಯನ್ನು ನಿರ್ಲಕ್ಷಿಸಿ

ಬಸ್ ಡಿಪೋದ ಬ್ರೇಕ್ ಮೇಸ್ತ್ರಿಗೆ ಸಿಟ್ಟು ಬರುವುದು ಹೊಸ ಸುದ್ದಿಯಲ್ಲ. ಆದರೆ ಆ ಭಾನುವಾರ ಮಧ್ಯಾಹ್ನ ಅದು ಬಂದದ್ದು ಮಗಳ ಭೌತಶಾಸ್ತ್ರದ ಹಾಳೆಯ ಮೇಲೆ. ಹಾಳೆಯಲ್ಲಿ ಹತ್ತು ಲೆಕ್ಕಗಳು, ಹತ್ತನ್ನೂ ಮಗಳು ಬಿಡಿಸಿದ್ದಳು. ಕೆಳಗೆ ಅಪ್ಪನ ಸಹಿಯೊಂದು ಬೇಕಿತ್ತು. ಸಹಿ ಇಲ್ಲದವರನ್ನು ನಾಳೆ ಬೆಳಿಗ್ಗೆಯ ಮರುಪರೀಕ್ಷೆಗೆ ಕೂರಿಸುವುದಿಲ್ಲವೆಂದು ಟೀಚರ್ ಖಂಡಿತವಾಗಿ ಹೇಳಿದ್ದರು. ಮೊದಲ ಸಲ ಅವಳಿಗೆ ಬಂದದ್ದು ನೂರಕ್ಕೆ ಹತ್ತೊಂಬತ್ತು. ಇದೂ ಕೈತಪ್ಪಿದರೆ ವಿಜ್ಞಾನ ಬಿಡಬೇಕು. (ಅಮ್ಮನ ಸಹಿ ಸಾಲದೇ ಎಂದು ನೀವು ಕೇಳಬಹುದು. ಇನ್ನು ಮುಂದೆ ನನ್ನ ಸಹಿಯೇ ಆಗಬೇಕು ಎಂದು ಶಾಲೆಗೆ ಚೀಟಿ ಬರೆದ ಮಹಾನುಭಾವರು ಇದೇ ಮೇಸ್ತ್ರಿ.)

ಮೇಸ್ತ್ರಿ ಕನ್ನಡಕ ಏರಿಸಿ ಮೂರನೆಯ ಲೆಕ್ಕ ಓದಿದರು. 'ಬಂಡಿಯೊಂದು ಒಂದು ಪಾಯಿಂಟ್ ಎಂಟು ಮೀಟರ್ ಎತ್ತರದ ಇಳಿಜಾರಿನಿಂದ ಕೆಳಗಿಳಿಯುತ್ತದೆ. ಘರ್ಷಣೆಯನ್ನು ನಿರ್ಲಕ್ಷಿಸಿ, ತಳದಲ್ಲಿ ಅದರ ವೇಗವನ್ನು ಕಂಡುಹಿಡಿಯಿರಿ.' ಅವರ ಕಿವಿ ಕೆಂಪಾಯಿತು.

"ಘರ್ಷಣೆ ನಿರ್ಲಕ್ಷಿಸಿ. ಯಾರೇ ಇದನ್ನ ಬರ್ದೋನು?"

"ಲೆಕ್ಕ ಸುಲಭ ಆಗ್ಲಿ ಅಂತ ಹಾಗೆ ಕೊಡ್ತಾರಪ್ಪ."

"ಇಪ್ಪತ್ತೆಂಟು ವರ್ಷದಿಂದ ನಾನು ಮಾಡ್ತಿರೋದು ಅದೊಂದೇ ಕೆಲಸ. ಚಕ್ರದ ಡ್ರಮ್ಮಿಗೂ ಬ್ರೇಕಿನ ಲೈನಿಂಗಿಗೂ ಘರ್ಷಣೆ ಆಗದಿದ್ರೆ ಊರಿನ ಬಸ್ಸೆಲ್ಲ ನದಿಯಲ್ಲಿರ್ತಿದ್ವು. ನಾಲ್ಕನೇದು ನೋಡು, ಅಲ್ಲೂ ನಿರ್ಲಕ್ಷಿಸಿ. ಏಳು, ಅಲ್ಲೂ. ಅಂದ್ರೆ ನನ್ನನ್ನೇ ನಿರ್ಲಕ್ಷಿಸಿ ಅಂತ ತಾನೆ?"

"ನಿಮ್ಮನ್ನ ಯಾರು ಕೇಳಿದ್ರು ಇಲ್ಲಿ? ಸಹಿ ಕೇಳಿದ್ದು," ಎಂದಳು ಹೆಂಡತಿ, ಇಸ್ತ್ರಿ ಪೆಟ್ಟಿಗೆ ಎತ್ತದೆ. ಆ ವಸತಿ ಕಟ್ಟಡದ ಐವತ್ತು ಮನೆಗಳ ಬಟ್ಟೆಗೆ ಇಸ್ತ್ರಿ ಹಾಕುವವಳು ಅವಳು.

"ನನ್ನ ಸಹಿ ಅಂದ್ರೆ ಏನು ಗೊತ್ತಾ? ನಾನು ಸಹಿ ಹಾಕಿದ ಬಸ್ಸು ನಿಲ್ಲತ್ತೆ. ಇವತ್ತಿನವರೆಗೂ ಒಂದು ಸುಳ್ಳಿಗೆ ಹಾಕಿಲ್ಲ."

ಮಗಳ ಕಣ್ಣು ತುಂಬಿತು. ಅದು ದುಃಖದ ನೀರಲ್ಲ. ಅಪ್ಪನ ರೋಷ ಬಳುವಳಿಯಾಗಿ ಬಂದಿತ್ತು, ಅಷ್ಟೆ. "ಉತ್ತರ ಸೆಕೆಂಡಿಗೆ ಆರು ಮೀಟರ್. ಅದು ಸುಳ್ಳು ಅಂತ ತೋರಿಸಿ. ಆಮೇಲೆ ಹಾಳೆ ಹರಿದುಹಾಕಿ."

"ತೋರಿಸ್ತೀನಿ. ಆರು ಬಂದ್ರೆ ಅಲ್ಲೇ ನಿಂತು ಸಹಿ ಹಾಕ್ತೀನಿ."

ನೆಲಮಾಳಿಗೆಗೆ ಕಾರುಗಳು ಇಳಿಯುವ ಇಳಿಜಾರು ಮನೆಯ ಬಾಗಿಲಿಗೇ ಇತ್ತು. ಬಂಡಿಯೂ ಇತ್ತು. ಡಿಪೋದವರು ಎಸೆದಿದ್ದ ಸಾಮಾನು ಗಾಡಿಯನ್ನು ಮೇಸ್ತ್ರಿ ಎರಡು ತಿಂಗಳ ಭಾನುವಾರಗಳನ್ನು ಸುರಿದು, ಹೊಸ ಬೇರಿಂಗ್ ಕೂಡಿಸಿ, ಹೆಂಡತಿಗೆಂದು ಸಿದ್ಧಮಾಡಿಕೊಟ್ಟಿದ್ದರು. ಸದ್ಯ ಅದರ ಮೇಲೆ ಇಸ್ತ್ರಿಯಾದ ನಲವತ್ತೊಂದು ಬಟ್ಟೆಗಳು ಬಿಳಿ ಹಾಸಿನಲ್ಲಿ ಗಂಟಾಗಿ ಕೂತಿದ್ದವು.

"ಬಟ್ಟೆ ಇಳಿಸಿ ತಗೊಂಡ್ಹೋಗಿ," ಎಂದು ಹೆಂಡತಿ ಒಳಗಿನಿಂದ ಕೂಗಿದಳು.

"ಭಾರ ಇರ್ಲಿ. ಅರ್ಧ ದಾರಿಗೇ ನಿಂತುಬಿಡತ್ತೆ, ಏನಾಗಲ್ಲ."

ಮೇಸ್ತ್ರಿ ಟೇಪು ಹಿಡಿದು, ಒಂದು ಪಾಯಿಂಟ್ ಎಂಟು ಮೀಟರ್ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದರು. ಇಳಿಜಾರು ಮುಗಿಯುವಲ್ಲಿ ಹಳದಿ ಪಟ್ಟಿ, ಅಲ್ಲಿಂದ ಹನ್ನೆರಡು ಮೀಟರ್ ನುಣುಪು ನೆಲ, ಅದರಾಚೆ ಕಾವಲುಗಾರ ಕಾರು ತೊಳೆದ ಕೊಚ್ಚೆ. ಪಟ್ಟಿಯಿಂದ ಕೊಚ್ಚೆಯವರೆಗಿನ ಸಮಯ ಅಳೆಯಲು ಮಗಳು ಮೊಬೈಲ್ ಹಿಡಿದು ನಿಂತಳು. ಮೇಸ್ತ್ರಿ ಕೈ ಬಿಟ್ಟರು.

ಬಂಡಿ ಸದ್ದಿಲ್ಲದೆ ಹೋಯಿತು. ಗಡಗಡ ಎನ್ನಬೇಡವೇ, ಕುಂಟಬೇಡವೇ? ಬೇರಿಂಗ್ ಹಾಕಿದ್ದು ಯಾರು, ಗ್ರೀಸ್ ತುಂಬಿದ್ದು ಯಾರು? ಅರ್ಧ ದಾರಿ ದಾಟುವಷ್ಟರಲ್ಲಿ ಮೇಸ್ತ್ರಿಗೆ ಸತ್ಯದ ಸಾಕ್ಷಾತ್ಕಾರವಾಯಿತು. ಅವರು ಒಂದು ಚಪ್ಪಲಿ ಬಿಟ್ಟು ಓಡಿದರು. ಹಳದಿ ಪಟ್ಟಿಯ ಹತ್ತಿರ ಇನ್ನೊಂದನ್ನೂ ಬಿಟ್ಟರು. ಬಂಡಿ ಅವರನ್ನು ಕಾಯಲಿಲ್ಲ. ಕೊಚ್ಚೆಯಲ್ಲಿ ಮುಂದಿನ ಗಾಲಿ ಸಿಕ್ಕಿ ಮುಗ್ಗರಿಸಿತು. ಬಿಳಿ ಹಾಸು ಬಿಚ್ಚಿಕೊಂಡಿತು. ಇಡೀ ಕಟ್ಟಡದ ಮಾನ ಕೆಸರಿನಲ್ಲಿ ಹರಡಿತು.

"ಎರಡು ಸೆಕೆಂಡು ಚಿಲ್ರೆ," ಎಂದಳು ಮಗಳು. "ಆರಕ್ಕೆ ಒಂಚೂರು ಕಮ್ಮಿ."

ಹೆಂಡತಿ ಬಂದಳು. ಬಟ್ಟೆ ನೋಡಿದಳು, ಗಂಡನ ಬರಿಗಾಲು ನೋಡಿದಳು. ಅವಳು ದೇವರ ಹೆಸರನ್ನು ಮೆಲ್ಲಗೆ ಒಮ್ಮೆ ಹೇಳಿಕೊಂಡಳು. ಅದು ಪ್ರಾರ್ಥನೆಯೋ ದೂರೋ ಎಂದು ಕೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.

"ಊರಿನ ಬಸ್ಸಿಗೆಲ್ಲ ಬ್ರೇಕ್ ಹಾಕ್ತೀರಿ. ನನ್ನ ಗಾಡಿಗೆ?"

ಮೇಸ್ತ್ರಿ ಕೆಸರಿನಿಂದ ಅಂಗಿಯೊಂದನ್ನು ಎತ್ತಿ ಕೊಡವಿದರು.

"ಮನೇಲಿ ಓಡೋದಕ್ಕೆ ಯಾಕೆ ಅಂತ..."

"ಹೂಂ. ಒಳಗೆ ನಡೀರಿ. ನಲವತ್ತೊಂದಿದೆ. ನಾನು ಒಗೀತೀನಿ, ನೀವು ಇಸ್ತ್ರಿ ಹಾಕಿ. ಇಸ್ತ್ರಿ ಪೆಟ್ಟಿಗೆಗೂ ಬ್ರೇಕಿಲ್ಲ, ನೋಡ್ಕೊಂಡು."

ಮಾತು ಕೊಟ್ಟಂತೆ ಮೇಸ್ತ್ರಿ ಅಲ್ಲೇ ನಿಂತು ಸಹಿ ಹಾಕಿದರು. ಸಿಟ್ಟಿನ ಭರಕ್ಕೆ ಹಾಳೆ ತೂತಾಯಿತು. ಅದರ ಕೆಳಗಿನ ಖಾಲಿ ಜಾಗದಲ್ಲಿ ಸಂಜೆ ಮಗಳು ಏನೋ ಬರೆಯುತ್ತಿದ್ದುದನ್ನು, ಹದಿನೇಳನೆಯ ಅಂಗಿಯ ಕಾಲರಿನೊಡನೆ ಸೆಣಸುತ್ತಿದ್ದ ಅವರು ಗಮನಿಸಲಿಲ್ಲ.

ಮರುಪರೀಕ್ಷೆಯಲ್ಲಿ ಮಗಳಿಗೆ ಎಪ್ಪತ್ತೆರಡು ಬಂತು. ಆ ವಾರವೇ ಡಿಪೋದಲ್ಲಿ ಡ್ರೈವರೊಬ್ಬ ಒಂದು ಕಾಗದ ಹಿಡಿದು ಬಂದ. "ಮೇಸ್ತ್ರಿಗಳೇ, ನನ್ನ ಮಗಳೂ ನಿಮ್ಮ ಹುಡುಗಿ ಕ್ಲಾಸೇ. ಟೀಚರ್ ಹೊಸ ಲೆಕ್ಕ ಕೊಟ್ಟಿದಾರಂತೆ, ಇಡೀ ಶಾಲೆಗೆ. ನಮಗ್ಯಾರಿಗೂ ಬಗೆಹರಿತಿಲ್ಲ."

ಮೇಸ್ತ್ರಿ ಓದಿದರು. 'ಬಂಡಿಯೊಂದು ಸೆಕೆಂಡಿಗೆ ಆರು ಮೀಟರ್ ವೇಗದಲ್ಲಿ ಹಳದಿ ಪಟ್ಟಿಯನ್ನು ದಾಟುತ್ತದೆ. ಅದೇ ಕ್ಷಣದಲ್ಲಿ ಬರಿಗಾಲಿನ ತಂದೆಯೊಬ್ಬರು ಅದೇ ಪಟ್ಟಿಯಿಂದ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಬೆನ್ನಟ್ಟುತ್ತಾರೆ. ಹನ್ನೆರಡು ಮೀಟರ್ ದೂರದ ಕೊಚ್ಚೆಗೆ ಬಂಡಿ ಬಿದ್ದಾಗ, ತಂದೆ ಎಷ್ಟು ಹಿಂದಿರುತ್ತಾರೆ?'

"ಎರಡಲ್ಲ. ಮೂರಾದ್ರೂ ಇರತ್ತೆ," ಎಂದರು ಮೇಸ್ತ್ರಿ, ಹಲ್ಲು ಕಚ್ಚಿ.

"ಎರಡು ಅಂತಲೇ ಕೊಟ್ಟಿದಾರಲ್ಲ. ಯಾರೋ ಪಾಪ, ದಪ್ಪ ಇರ್ಬೇಕು."

ಸುತ್ತ ನಾಲ್ಕು ಜನ ಡ್ರೈವರುಗಳು, ಇಬ್ಬರು ಕಂಡಕ್ಟರುಗಳು ಸೇರಿದರು. ಎಲ್ಲರ ಮನೆಯಲ್ಲೂ ಅದೇ ಲೆಕ್ಕ ಕಾಯುತ್ತಿತ್ತು. ಮೇಸ್ತ್ರಿ ಬಸ್ಸಿನ ಮೆಟ್ಟಿಲ ಮೇಲೆ ಕೂತು, ಗ್ರೀಸಿನ ಕೈಯಲ್ಲಿ ಪೆನ್ಸಿಲ್ ಹಿಡಿದು, ಎಂಟು ಮೀಟರ್ ಎಂದು ಬರೆದರು. ಮತ್ತೊಮ್ಮೆ ತಾಳೆ ನೋಡಿದರು. ಸರಿಯಾಗಿಯೇ ಇತ್ತು. ಇಪ್ಪತ್ತೆಂಟು ವರ್ಷಗಳ ಅಭ್ಯಾಸದ ಕೈ, ತಡೆಯುವಷ್ಟರಲ್ಲಿ, ಕೆಳಗೆ ಸಹಿಯನ್ನೂ ಹಾಕಿಬಿಟ್ಟಿತು.