ಮಾವನ ಕಣ್ಣಿನ ಪೊರೆ ಬಲಿಯುವ ತನಕ

ನನ್ನ ಸೋದರಮಾವನಿಗೆ ಅವಸರ ಎಂಬುದು ಈ ಜನ್ಮದಲ್ಲಿ ಬಂದದ್ದಿಲ್ಲ. ಅವರು ಹುಟ್ಟಿದ್ದೇ ಹನ್ನೊಂದನೇ ತಿಂಗಳಿಗೆ ಎಂದು ನಮ್ಮಮ್ಮ ಹೇಳುತ್ತಿದ್ದಳು, ನನಗೇನೂ ಅನುಮಾನವಿಲ್ಲ! ಸೊರಬದ ಹತ್ತಿರ ಅವರದು ಅನಾನಸ್ ತೋಟ. ಯಾವ ಹಣ್ಣನ್ನು ಯಾವಾಗ ಕೊಯ್ಯಬೇಕೆಂದು ಅವರಷ್ಟು ಬಲ್ಲವರು ಆ ಸೀಮೆಯಲ್ಲಿಲ್ಲ. ಬುಡಕ್ಕೆ ಮೂಗು ತಾಗಿಸಿ, ಬೆರಳಲ್ಲಿ ತಟ್ಟಿ, "ಬಲೀಲಿ" ಎನ್ನುತ್ತಾರೆ. ವ್ಯಾಪಾರಿಯ ಲಾರಿ ಬಂದು ನಿಂತಿದ್ದರೂ ಅಷ್ಟೇ.

ತೋಟಕ್ಕಷ್ಟೇ ಆಗಿದ್ದರೆ ಸರಿ. ಮದುವೆಗೂ ಅದೇ ಮಾತು! ಹೆಣ್ಣು ಕೊಡಲು ಬಂದವರಿಗೆಲ್ಲ, ಹುಡುಗ ಇನ್ನೂ ಬಲಿಯಬೇಕು ಎಂದು ತಾವೇ ಹೇಳಿ ಕಳಿಸಿದರು. ಅಂತೂ ಮೂವತ್ತೊಂಬತ್ತಕ್ಕೆ ಬಲಿತರು. ಆವತ್ತೂ ಭಟ್ಟರು ಮುಹೂರ್ತ ಮೀರುತ್ತಿದೆ ಎಂದು ಕೂಗುತ್ತಿದ್ದರೆ, ಮದುಮಗ ಅಡುಗೆಮನೆಯಲ್ಲಿ ಊಟಕ್ಕೆ ತಂದ ಬಾಳೆಹಣ್ಣನ್ನು ಒತ್ತಿ ಒತ್ತಿ ನೋಡುತ್ತಿದ್ದರಂತೆ.

ಹೋದ ವರ್ಷ ಶಿಕಾರಿಪುರದಲ್ಲಿ ನಾವು ಮನೆ ಕಟ್ಟಿಸುವಾಗ ನೋಡಲು ಬಂದರು. ಬಂದವರೇ ಎಡಗಣ್ಣು ಮುಚ್ಚಿ, ಬಾಗಿಲ ಚೌಕಟ್ಟನ್ನು ಬಲಗಣ್ಣಿನಿಂದ ಅಳೆದು, ನಡುವೆ ಬಾಗಿದೆ ಎಂದು ತೀರ್ಪು ಕೊಟ್ಟರು. ಮೇಸ್ತ್ರಿ ಪಾಪ, ತೂಕದ ಗುಂಡನ್ನು ದಾರದಲ್ಲಿ ಇಳಿಬಿಟ್ಟು ತೋರಿಸಿದ. ಚೌಕಟ್ಟು ನೆಟ್ಟಗಿತ್ತು. ಮಾವ ಒಪ್ಪುತ್ತಾರೆಯೇ? ಆ ದಾರವೂ ಬಾಗಿದೆ ಎಂದರು!

"ದಾರ ಎಲ್ಲಾರ ಬಾಗತೈತೇನ್ರೀ ಯಜಮಾನ್ರೇ? ಒಂದ್ಸಲ ಕಣ್ ತೋರಿಸ್ಕಳ್ರಿ," ಎಂದ ಮೇಸ್ತ್ರಿ.

ನಾನು ನಕ್ಕೆ. ನಗುತ್ತಲೇ, ಇನ್ನೊಂದು ಕಣ್ಣು ಮುಚ್ಚಿ ನೋಡಿ ಮಾವ ಎಂದೆ. ಬಲಗಣ್ಣು ಮುಚ್ಚಿದರು, ದಾರ ನೆಟ್ಟಗಾಯಿತು. ಎಡಗಣ್ಣು ಮುಚ್ಚಿದರು, ಮತ್ತೆ ಬಾಗಿತು. ನಾಲ್ಕೈದು ಸಲ ಹಾಗೇ ಮಾಡಿದರು. ನಾನು ನಗು ನಿಲ್ಲಿಸಿದೆ.

"ಪೊರೆ ಬಂದಿರ್ಬೇಕು," ಎಂದರು ಕೊನೆಗೆ. "ಬಲೀಲಿ. ಬಲಿತ ಮೇಲೆ ತೆಗ್ಸಿದ್ರಾತು."

ಕಣ್ಣಿನ ಪೊರೆ ಬಲಿಯಬೇಕು ಎಂಬುದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಕೇಳಿದವರೆಲ್ಲ ಹೌದೌದು ಎಂದರು. ಹೈಸ್ಕೂಲಿನಲ್ಲಿ ಪಾಠ ಹೇಳುವ ನಾನೂ ಎಂದೆ! ಪರೀಕ್ಷೆ ಹತ್ತಿರ ಬಂದಿತ್ತು, ರಜೆ ಸಿಗುವಂತಿರಲಿಲ್ಲ, ಬಲಿಯಲಿ ಎಂಬ ಮಾತು ನನಗೂ ಅನುಕೂಲವೇ ಆಯಿತು. ದಿನಾ ಫೋನ್ ಮಾಡಿ ವಿಚಾರಿಸುತ್ತಿದ್ದೆ. ಹಣ್ಣಾಗುತ್ತಾ ಇದೆ ಎನ್ನುತ್ತಿದ್ದರು. ಹೀಗೇ ಎರಡು ತಿಂಗಳು ಹೋಯಿತು. ಒಂದು ದಿನ ಅತ್ತೆಯೇ ಫೋನ್ ಮಾಡಿದರು. ಮಾವ ಒಂದು ಕಣ್ಣು ಮುಚ್ಚಿಕೊಂಡು, ಎಲ್ಲ ಹಣ್ಣಿನ ನಡುವೆಯೂ ಕಪ್ಪು ಕಲೆ ಇದೆಯೆಂದು ಒಳ್ಳೆಯ ಅನಾನಸನ್ನೇ ಎಸೆಯುತ್ತಿದ್ದಾರಂತೆ! ನಾನು ರಜೆ ಹಾಕಿ ಓಡಿದೆ.

ಶಿವಮೊಗ್ಗದ ಕಣ್ಣಾಸ್ಪತ್ರೆಯಲ್ಲಿ ಹನಿ ಬಿಟ್ಟು, ಸ್ಕ್ಯಾನ್ ಮಾಡಿ, ಇದು ಪೊರೆಯೇ ಅಲ್ಲ, ಪೊರೆಯಾಗಿದ್ದರೂ ಬಲಿಯಲಿ ಎಂದು ಕಾಯಬೇಕಿರಲಿಲ್ಲ ಎಂದರು ಡಾಕ್ಟರಮ್ಮ. ವಯಸ್ಸಾದಂತೆ ಕಣ್ಣಿನ ಹಿಂಪರದೆಯ ನಡುಭಾಗ ಸವೆದು, ಅಲ್ಲಿ ಬೇಡದ ರಕ್ತನಾಳ ಹುಟ್ಟಿ ಸೋರುತ್ತಿದೆಯಂತೆ. ಕಣ್ಣಿನೊಳಕ್ಕೇ ಇಂಜೆಕ್ಷನ್ ಕೊಡಬೇಕು, ಇವತ್ತೇ. ಆಮೇಲೆ ತಿಂಗಳಿಗೊಮ್ಮೆ ಬರಬೇಕು. ದಾರ ಬಾಗಿ ಕಂಡ ವಾರವೇ ಕರೆತರಬೇಕಿತ್ತು ಎಂದು ನನ್ನ ಮುಖ ನೋಡಿದರು.

"ಹೋಗಿದ್ದು ಎಷ್ಟು ವಾಪಸ್ ಬರುತ್ತೋ ಹೇಳೋಕಾಗಲ್ಲ. ಇರೋದನ್ನ ಉಳಿಸ್ಕೊಳ್ಳೋಣ. ತಾರೀಖು ಮಾತ್ರ ತಪ್ಪಿಸ್ಬೇಡಿ."

ಮಾವ ಈಗಲೂ ಬಲೀಲಿ ಎಂದರೆ ಬಾಯಿ ಮುಚ್ಚಿಸಲು ನಾನು ಸಿದ್ಧಳಾಗಿದ್ದೆ. ಅವರು ಚಪ್ಪಲಿ ಬಿಟ್ಟು ಸುಮ್ಮನೆ ಒಳಗೆ ಹೋದರು. ನಾನು ಹೊರಗೆ ಕೂತು, ಚಂದ್ರಗುತ್ತಿಯ ಅಮ್ಮನಿಂದ ಹಿಡಿದು ನೆನಪಿದ್ದ ದೇವರನ್ನೆಲ್ಲ ಕರೆದೆ.

ವಾಪಸ್ ಬರುವ ಬಸ್ಸಿನಲ್ಲಿ ಬಲಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು. ಶಿವಮೊಗ್ಗ ದಾಟಿದ ಮೇಲೆ ನನ್ನ ಕೈ ಹಿಡಿದುಕೊಂಡರು.

"ಈ ಕಣ್ಣಲ್ಲಿ ನಿಮ್ಮತ್ತೆ ಮುಖ ಕಾಣದೆ ತಿಂಗಳಾತು ಮಾರಾಯ್ತಿ. ಕಿವಿ ಕಾಣ್ತದೆ, ಕೂದಲು ಕಾಣ್ತದೆ. ಮುಖ ಇಲ್ಲ. ಹೆದ್ರಿಕೆ ಆಗಿ ಯಾರಿಗೂ ಹೇಳ್ಲಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ತಪ್ಪು ನನ್ನದೂ ಇತ್ತಲ್ಲ, ಅದನ್ನೂ ಹೇಳಿಬಿಟ್ಟೆ. ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಮುಂದಿನ ತಿಂಗಳೂ ನೀನೇ ಬರ್ತೀಯೇನೇ?"

ಬರುತ್ತೇನೆ, ದಿನ ಹತ್ತಿರ ಬಂದಾಗ ರಜೆ ಕೇಳುತ್ತೇನೆ ಎಂದೆ.

"ಆಮೇಲೆ ಬ್ಯಾಡ," ಎಂದರು ಮಾವ. "ಈಗ್ಲೇ ಕೇಳು."

ಬಸ್ಸಿನಲ್ಲಿ ಕೂತಲ್ಲಿಂದಲೇ ಹೆಡ್‌ಮಾಸ್ಟರಿಗೆ ಫೋನ್ ಮಾಡಿದೆ. ಅವರು ಹೂಂ ಎನ್ನುವವರೆಗೂ ಮಾವ ನನ್ನ ಕೈ ಬಿಡಲಿಲ್ಲ.