ಪೆಪ್ಟೈಡ್ ಗಿಣ್ಣು

"ನಾಳೆ ನಿನ್ನ ತಮ್ಮ ಬರ್ಲಿ, ಪೆಪ್ಟೈಡ್ ಅಂದ್ರೇನು ಅಂತ ಆ ಮೇಷ್ಟ್ರಿಗೇ ಪಾಠ ಮಾಡ್ತೀನಿ!" ಎಂದು ಪಂಚನಹಳ್ಳಿಯ ತೆಂಗಿನಕಾಯಿ ವ್ಯಾಪಾರಿ ರಾಜಶೇಖರ್ ಎದೆ ತಟ್ಟಿಕೊಂಡ.

"ಪಾಠ ಬ್ಯಾಡ ಕಣ್ರೀ, ಬಾಯಿ ಮುಚ್ಕೊಂಡು ಉಂಡ್ರೆ ಸಾಕು" ಎಂದಳು ಹೆಂಡತಿ ಯಶೋದಾ.

ಪಾಪ, ಅವಳ ಸಂಕಟ ಅವಳಿಗೆ. ತರೀಕೆರೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿರುವ ತಮ್ಮ ಓಂಕಾರಮೂರ್ತಿ ಹೋದ ಯುಗಾದಿಯಲ್ಲಿ, ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ, "ಭಾವಂಗೆ ಕಾಯಿ ರೇಟು ಬಿಟ್ರೆ ಇನ್ನೇನೂ ಗೊತ್ತಿಲ್ಲ" ಎಂದಿದ್ದ. "ಹಂಗಾದ್ರೆ ನಮ್ಮನೆ ಹೊಸ್ತಿಲು ತುಳೀಬ್ಯಾಡ" ಎಂದಿದ್ದ ಭಾವ. ಆಮೇಲೆ ತಮ್ಮ ಇತ್ತ ತಲೆ ಹಾಕಿರಲಿಲ್ಲ. ಈಗ ಎಮ್ಮೆ ಕರು ಹಾಕಿತ್ತು. ಗಿಣ್ಣು ಎಂದರೆ ಮೂರ್ತಿಗೆ ಪ್ರಾಣ. ಅದನ್ನೇ ನೆಪ ಮಾಡಿ ಯಶೋದಾ ಕರೆದಿದ್ದಳು. ಈ ಸಲವೂ ಮುನಿಸಿಕೊಂಡು ಹೋದರೆ ತವರಿನ ದಾರಿಗೇ ಬೇಲಿ!

ಅತ್ತ ರಾಜಶೇಖರನ ಮಹಾಸಂಶೋಧನೆ ಶುರುವಾಯಿತು. ಫೋನಿನಲ್ಲಿ ಯಾವ ವಿಡಿಯೋ ತೆಗೆದರೂ ಅದೇ: ಮಂಡಿನೋವಿಗೆ ಪೆಪ್ಟೈಡು, ಬೋಳುತಲೆಗೆ ಪೆಪ್ಟೈಡು! ಇವುಗಳಲ್ಲಿ ಬಹಳಷ್ಟು ಇನ್ನೂ ಪರೀಕ್ಷೆಯ ಹಂತದಲ್ಲಿವೆ ಎಂದು ಕೊನೆಯಲ್ಲಿ ಹೇಳುತ್ತಿದ್ದರು. ಕೊನೆಯವರೆಗೆ ನೋಡುವ ತಾಳ್ಮೆ ಯಾರಿಗಿದೆ?

"ನೋಡೇ, ನಿನ್ನ ತಲೇಲಿರೋ ಕನಕಾಂಬರದ ದಂಡೆ ಪ್ರೋಟೀನು. ಒಂದೊಂದು ಹೂವೂ ಅಮೈನೋ ಆಸಿಡ್ಡು. ಗೇಣುದ್ದ ಕತ್ತರಿಸಿದ್ರೆ ಆ ತುಂಡೇ ಪೆಪ್ಟೈಡು!"

"ದಂಡೆಗೆ ಕತ್ತರಿ ಹಾಕಿ ನೋಡಿ, ಆಮೇಲೈತೆ!"

ಸರಿ, ದಂಡೆ ಬಿಟ್ಟ. ಆದರೆ ಪರಂಗಿಕಾಯಿಯ ಸೊನೆ ಪ್ರೋಟೀನನ್ನು ಕತ್ತರಿಸುತ್ತದೆ ಎಂದು ಇನ್ನೊಂದು ವಿಡಿಯೋ ಹೇಳಿತಲ್ಲ! ಹಿತ್ತಿಲಲ್ಲೇ ಪರಂಗಿ ಮರ. ಮರುದಿನ ಬೆಳಿಗ್ಗೆ ಯಶೋದಾ ಗಿಣ್ಣುಹಾಲಿಗೆ ಬೆಲ್ಲ, ಏಲಕ್ಕಿ ಹಾಕಿಟ್ಟು ವೀಳ್ಯದೆಲೆ ತರಲು ಹೋದಳು. ನಮ್ಮ ವಿಜ್ಞಾನಿ ರಾಜಶೇಖರ ಕಾಯಿಗಳಿಗೆಲ್ಲ ಗೀರು ಹಾಕಿ, ಅರ್ಧ ಲೋಟ ಸೊನೆ ಹಿಡಿದು, ಹಾಲಿಗೆ ಸುರಿದು, ಏನೂ ಅರಿಯದವನಂತೆ ಜಗಲಿಯಲ್ಲಿ ಕೂತ.

ಮಧ್ಯಾಹ್ನ ಮೂರ್ತಿ ಬಂದ. ಬೇಯಿಸಿದ ಪಾತ್ರೆಯ ಮುಚ್ಚಳ ತೆಗೆದರೆ ಗಿಣ್ಣು ಗಟ್ಟಿಯಾಗಿರಲಿಲ್ಲ. ನೀರಿನಲ್ಲಿ ಚೂರುಗಳು ತೇಲುತ್ತಿದ್ದವು. ಬೇರೆ ದಾರಿಯಿಲ್ಲದೆ ಯಶೋದಾ ಅದನ್ನೇ ಬಡಿಸಿದಳು. ಮೂರ್ತಿ ಒಂದು ಚಮಚ ಬಾಯಿಗಿಟ್ಟ. ಹಾಗಲಕಾಯಿ ಕಚ್ಚಿದಂತೆ ಮುಖ ಕಿವಿಚಿದ.

"ಕರೆಸಿ ಕಹಿ ತಿನ್ನಿಸ್ತೀರಾ ಅಕ್ಕ? ಇನ್ನೂ ಕ್ವಾಪ ಇಳ್ದಿಲ್ವಾ?" ಎಂದು ಎದ್ದವನೇ ಚಪ್ಪಲಿ ಮೆಟ್ಟಿಕೊಂಡ.

ಯಶೋದಾಳ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ರಾಜಶೇಖರ ದಡಬಡಿಸಿ ಎದ್ದ. "ನಿಂತ್ಕೊಳ್ಳೋ! ಅವ್ಳದ್ದೇನೂ ತಪ್ಪಿಲ್ಲ. ವಿಡಿಯೋ ನೋಡಿ ಪರಂಗಿ ಸೊನೆ ಹಾಕ್ದೋನು ನಾನು... ಪೆಪ್ಟೈಡ್ ಆಗ್ಲಿ ಅಂತ!"

ಮೂರ್ತಿ ಬಾಗಿಲಲ್ಲೇ ನಿಂತ. ಭುಜ ಕುಲುಕಲು ಶುರುವಾಗಿ, ಹೊಟ್ಟೆ ಹಿಡಿದುಕೊಂಡು ಹೊಸ್ತಿಲ ಮೇಲೇ ಕುಸಿದು ನಗತೊಡಗಿದ.

"ಆಯ್ತಲ್ಲ ಭಾವ! ಹಾಲಿನ ಪ್ರೋಟೀನು ಹಂಗೆ ತುಂಡಾದ್ರೆ ಕೆಲವು ಪೆಪ್ಟೈಡು ಕಹೀನೇ ಕಣ್ರೀ! ವಿಡಿಯೋ ಪೂರ್ತಿ ನೋಡ್ಲಿಲ್ವಾ?"

ಯಶೋದಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಇರೋ ಮೂರ್ತಿ, ಸಂಜೆ ಹಾಲು ಕರೆದು ಹೊಸ ಗಿಣ್ಣು ಮಾಡ್ತೀನಿ."

"ಇರ್ತೀನಿ ಅಕ್ಕ" ಎಂದು ಮೂರ್ತಿ ಚಪ್ಪಲಿ ಬಿಟ್ಟ. "ಆದ್ರೆ ಅಲ್ಲೀವರ್ಗೂ ಎಮ್ಮೆ ಹಗ್ಗ ಬಿಚ್ಚಿ ಭಾವನ್ನ ಕಟ್ಟಿರು!"