ದತ್ತವಾಡದವರು ಬರುವ ಮುನ್ನ ಮರಳಿ ದಯಮಾಡಿಸಬೇಕೆಂದು ನನ್ನ ಮೀಸೆಗೆ

ಮಾನ್ಯ ಮೀಸೆಯವರೇ,

ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ದುಡಿಯುವ ಯಲಗೂರಪ್ಪನ ಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮ, ತಮ್ಮ ಕ್ಷೇಮ ವಿಚಾರಿಸೋಣವೆಂದರೆ ತಾವು ಇರಬೇಕಾದ ಜಾಗದಲ್ಲಿ ಇಲ್ಲ. ತಾವು ಬಿಟ್ಟುಹೋದ ಬಯಲನ್ನು ಬೆಳಿಗ್ಗೆ ಸಂಜೆ ತಡವಿ ನೋಡುತ್ತಿದ್ದೇನೆ, ಹೇಳಿಕೊಳ್ಳುವಂಥ ಬೆಳೆಯೇನೂ ಕಾಣುತ್ತಿಲ್ಲ.

ತಪ್ಪು ತಮ್ಮದಲ್ಲ. ಊರಿನಲ್ಲಿ ಕ್ಷೌರದ ಅಲ್ಲಪ್ಪ ಕಾಕಾ ನಮ್ಮ ಕಟ್ಟೆಗೇ ಬರುತ್ತಿದ್ದರು, ನಾನು ಅವರ ಮುಂದೆ ತಲೆ ಬಗ್ಗಿಸಿ ಕೂತು ನಿದ್ದೆ ಮಾಡಿದರೂ ಏನು ಬಿಡಬೇಕು, ಏನು ತೆಗೆಯಬೇಕು ಎಂಬುದು ಅವರ ಕೈಗೆ ಗೊತ್ತಿತ್ತು. ಇಲ್ಲಿಯ ಸಲೂನಿನವರು ಪ್ರತಿಯೊಂದನ್ನೂ ಕೇಳಿಯೇ ಮಾಡುವ ಸಭ್ಯರು. ನಾನಾದರೋ ಮಗ್ಗದವನು, ಆ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳಿಸದ ಕಾರಣ, ಎದುರಿನವರ ತುಟಿ ಅಲುಗಿದರೆ ಸಾಕು, ತಲೆಯಾಡಿಸಿಬಿಡುತ್ತೇನೆ, ಈ ವಿದ್ಯೆಯಲ್ಲಿ ಇಡೀ ಶೆಡ್ಡಿನಲ್ಲಿ ನನ್ನನ್ನು ಮೀರಿಸಿದವರಿಲ್ಲ. ಪಾಳಿ ಮುಗಿಸಿ ಬಂದು ಖುರ್ಚಿಯಲ್ಲಿ ತೂಕಡಿಸುತ್ತಿದ್ದಾಗ ಅವರು ಮೀಸೆ ತೆಗೆಯಲೇ ಎಂದು ಮರಾಠಿಯಲ್ಲಿ "ಮಿಶಿ ಕಾಢೂ ಕಾ?" ಅಂದರಂತೆ. ತಲೆಯಾಡಿಸಿದೆನಂತೆ. ಖಂಡಿತವೇ ಎಂದು "ನಕ್ಕೀ?" ಅಂತ ಮತ್ತೆ ಕೇಳಿದರಂತೆ, ಇನ್ನೂ ಜೋರಾಗಿ ಆಡಿಸಿದೆನಂತೆ.

ಅಪ್ಪ ಬದುಕಿರುವ ಮಗ ಮೀಸೆ ಬೋಳಿಸುವಂತಿಲ್ಲ ಎಂಬುದು ನಮ್ಮ ಕಡೆಯ ಪದ್ಧತಿಯೆಂದು ತಮಗೆ ತಿಳಿಯದ್ದಲ್ಲ. ನಮ್ಮಪ್ಪ ಯಮನಪ್ಪ ಊರಿನಲ್ಲಿ ಗಟ್ಟಿಮುಟ್ಟಾಗಿದ್ದಾರೆ. ಹೀಗಿರುವಾಗ ದತ್ತವಾಡದಿಂದ ಗುರಣ್ಣ, ಅಂದರೆ ನನಗೆ ತರಬೇಕೆಂದು ಮಾತಾಗಿರುವ ರಾಯವ್ವನ ಸೋದರಮಾವ, ನಿಶ್ಚಯದ ದಿನ ಗೊತ್ತುಮಾಡಲು ನೇರ ಶೆಡ್ಡಿಗೇ ಬಂದರು. ಮಗ್ಗಗಳು ನಡೆದೇ ಇದ್ದವು. ಅವರು ನನ್ನ ತುಟಿ ನೋಡಿ ಮುಖ ಸಣ್ಣದು ಮಾಡಿಕೊಂಡು ಏನೋ ಕೇಳಿದರು. ನಾನು ರೂಢಿಯಂತೆ ಉತ್ತರ ಕೊಟ್ಟೆ. ಕೇಳಿದ್ದು "ಅಪ್ಪಾರು ಹ್ವಾದ್ರೇನಪಾ?" ಎಂದಂತೆ. ಅವರು ನನ್ನ ಬೆನ್ನು ಸವರಿ, ಕಣ್ಣೊರೆಸಿಕೊಂಡು ಹೋದರು. ದಿನ ಗೊತ್ತಾಯಿತೆಂದು ನಾನು ಜೊತೆಗಾರರಿಗೆಲ್ಲ ಚಹಾ ಕುಡಿಸಿದೆ.

ಸಾವಿನ ಮನೆಯವರನ್ನು ಮಾತಾಡಿಸಲೆಂದು ನಮ್ಮೂರಿಗೆ ಹೋದ ಗುರಣ್ಣನವರಿಗೆ ಬಾಗಿಲು ತೆಗೆದವರು ನಮ್ಮಪ್ಪನೇ. "ನಾ ಸತ್ತಿದ್ದು ನನಗ ಯಾರೂ ಹೇಳಿಲ್ಲಲ್ರೀ ಬೀಗರ" ಅಂದು ರೊಟ್ಟಿ ಹಾಕಿಸಿದರಂತೆ. ಆದರೆ ಬದುಕಿದ ಅಪ್ಪನನ್ನು ಸತ್ತನೆಂದು ಒಪ್ಪಿಕೊಂಡ ಹುಡುಗನಿಗೆ ಹೆಣ್ಣು ಹೇಗೆ ಕೊಡುವುದೆಂದು ದತ್ತವಾಡದಲ್ಲಿ ಮಾತು ಎದ್ದಿದೆ. ರವಿವಾರ ಗುರಣ್ಣ, ನಮ್ಮಪ್ಪ ಇಬ್ಬರೂ ಹಿರಿಯರು ಇಲ್ಲಿಗೆ ಬಂದು ಒಂದು ತೀರ್ಮಾನ ಮಾಡಿ ಹೋಗುವವರಿದ್ದಾರೆ. ರಾಯವ್ವ ಅಂದರೆ ನನಗೆ ಜೀವ. ಇದನ್ನು ಇಂದಿನವರೆಗೆ ಅವಳ ಮುಂದೆಯೂ ಹೇಳಿಲ್ಲ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಶನಿವಾರದೊಳಗೆ ಪೂರ್ತಿಯಾಗಿ, ಆಗದಿದ್ದರೆ ಹಿರಿಯರು ಕೂರುವ ಬಲಗಡೆಯಾದರೂ, ಹಾಜರಾಗಬೇಕು. ಅದೂ ಆಗದಿದ್ದರೆ ಹುಬ್ಬಿನ ಕಡೆಯಿಂದ ಒಂದಿಷ್ಟು ಬದಲಿ ಆಳುಗಳನ್ನು ಕಳಿಸಿಕೊಡಬೇಕು. ಕೋಣೆಯ ಗೆಳೆಯ ತಮ್ಮಣ್ಣ ಕಾಡಿಗೆಯಿಂದ ತಮ್ಮಂತೆಯೇ ಒಬ್ಬರನ್ನು ಬರೆದುಕೊಟ್ಟಿದ್ದ. ಶೆಡ್ಡಿನ ಸೆಕೆಗೆ ಅವರು ಗದ್ದಕ್ಕೆ ಇಳಿದು ನನ್ನನ್ನು ಗಡ್ಡದವನನ್ನಾಗಿ ಮಾಡಿದರು. ಹರಳೆಣ್ಣೆ ಹಚ್ಚುತ್ತಲೇ ಇದ್ದೇನೆ.

ತಮ್ಮ ವಿಶ್ವಾಸಿಯೂ ಸದ್ಯಕ್ಕೆ ತಾವು ಕೈಬಿಟ್ಟವನೂ ಆದ,
ಯಲಗೂರಪ್ಪ

ತಾ. ಕ.: ಇದನ್ನು ಮಡಚುವಷ್ಟರಲ್ಲಿ ದತ್ತವಾಡದ ಚೆನ್ನವ್ವ ಸಂತೆಗೆ ಬಂದವರು ರಾಯವ್ವನ ಮಾತೊಂದನ್ನು ಮುಟ್ಟಿಸಿ ಹೋದರು: "ಮೀಸಿ ಹ್ವಾದ್ರ ಹೋಗ್ಲಿ ಬಿಡ್ರಿ, ಬಾಯಿ ಐತೋ ಇಲ್ಲೋ ಅಷ್ಟ ಕೇಳ್ಕೊಂಡ ಬರ್ರಿ." ನಾನು ರವಿವಾರಕ್ಕೆ ಕಾಯದೆ ಈಗಲೇ ಅವಳ ಊರಿಗೆ ಹೊರಟಿದ್ದೇನೆ. ತಾವು ಸಾವಕಾಶ ಬನ್ನಿ. ಇಷ್ಟು ವರ್ಷ ಬಾಯಿಯ ಮೇಲೆ ಕೂತು ತಾವು ಮಾಡಿದ್ದಾದರೂ ಏನು?